ಕರಿ ಬೊಟ್ಟಿನ ಕುರ್ಚಿಗಳು

ಕಾಂತರಾಜ್ ಆರು ವರ್ಷ ವಿಧಾನ ಪರಿಷತ್ತಿನ ಸದಸ್ಯನಾಗಿದ್ದ. ಆ ಆರು ವರ್ಷಗಳಲ್ಲಿ ಸದನದಲ್ಲಿ ಒಂದೇ ಒಂದು ಸಲ ಎದ್ದು ನಿಂತು ಮಾತನಾಡಿದ. ಶಾಮಿಯಾನ ಮತ್ತು ಪಾತ್ರೆಗಳನ್ನು ಬಾಡಿಗೆಗೆ ಕೊಡುವವರ ಮೇಲಿನ ತೆರಿಗೆ ಹೆಚ್ಚಾಯಿತು, ಇಳಿಸಬೇಕು ಎಂದ. ಮಂತ್ರಿಗಳು ಪರಿಶೀಲಿಸುತ್ತೇವೆ ಎಂದರು. ಅವನು ಕೂತ. ಆ ಕ್ಷಣದ ಫೋಟೋ ರಾಬರ್ಟ್‌ಸನ್‌ಪೇಟೆಯಲ್ಲಿರುವ ಅವನ ಅಂಗಡಿಯ ಗೋಡೆಯ ಮೇಲೆ ಈಗಲೂ ಇದೆ. ಎರಡಡಿ ಎತ್ತರದ ಚೌಕಟ್ಟಿನಲ್ಲಿ, ಒಂದು ಕೈ ಮೇಲೆತ್ತಿ, ಬಾಯಿ ತೆರೆದು, ದೇಶ ಉಳಿಸಲು ಹೊರಟವನ ಹಾಗೆ ನಿಂತಿದ್ದಾನೆ. ಹಿಂದಿನ ಸಾಲಿನಲ್ಲಿ ಸದಸ್ಯರೊಬ್ಬರು ಕೆನ್ನೆಗೆ ಕೈಕೊಟ್ಟು ನಿದ್ದೆ ಮಾಡುತ್ತಿರುವುದೂ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚೌಕಟ್ಟು ಹಾಕಿಸುವಾಗ ಅಷ್ಟನ್ನು ಕತ್ತರಿಸಬಹುದಿತ್ತು. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಏಕವಚನದಲ್ಲಿ ಬರೆಯುತ್ತಿರುವುದು ಕೈತಪ್ಪಿನಿಂದಲ್ಲ. ಕಾಲೇಜಿನಲ್ಲಿ ಎರಡು ವರ್ಷ ನಾನು ಅವನಿಗೆ ಇತಿಹಾಸದ ಪಾಠ ಹೇಳಿದ್ದೇನೆ. ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ವಿವರಿಸಿ ಎಂಬ ಪ್ರಶ್ನೆಗೆ, 'ಫ್ರೆಂಚ್ ಕ್ರಾಂತಿಗೆ ಅನೇಕ ಕಾರಣಗಳಿದ್ದವು, ಅವೆಲ್ಲವೂ ಬಹಳ ಮುಖ್ಯವಾದವು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಹತ್ತು ನಿಮಿಷಕ್ಕೇ ಎದ್ದುಹೋದವನು. ಮುಂದೆ ಅವನು ಊರೂರಿನಲ್ಲಿ ಮಾಡಿದ ಭಾಷಣಗಳೆಲ್ಲ ಅದೇ ಉತ್ತರದ ಬೇರೆ ಬೇರೆ ಪ್ರತಿಗಳು.

ಅಂಗಡಿ ಅವನು ಕಟ್ಟಿದ್ದಲ್ಲ. ಅವನ ತಂದೆ ಜಯರಾಮಪ್ಪನವರು ಬಂಗಾರಪೇಟೆ ಕಡೆಯ ಹಳ್ಳಿಯಿಂದ ನಾಲ್ಕು ಪೆಟ್ರೋಮ್ಯಾಕ್ಸ್ ದೀಪ, ಇಪ್ಪತ್ತು ಮರದ ಬೆಂಚುಗಳನ್ನು ಎತ್ತಿನ ಗಾಡಿಯಲ್ಲಿ ತಂದು ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿದರು. ಆಗ ಅಲ್ಲಿ ಚಿನ್ನದ ಗಣಿಗಳು ನಡೆಯುತ್ತಿದ್ದವು. ಗಣಿಯ ಊರಿನಲ್ಲಿ ಮದುವೆಯೂ ಹೆಚ್ಚು, ಸಾವೂ ಹೆಚ್ಚು. ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಬೆಳಿಗ್ಗೆ ಹೆಣದ ಮುಂದೆ ಹಾಕಿದ್ದ ಬೆಂಚನ್ನೇ ಸಂಜೆ ಬಂಗಾರಪೇಟೆಯ ಮದುವೆ ಮನೆಗೆ ಕಳಿಸುವುದು ಆ ವ್ಯಾಪಾರದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಒಂದು ಸಲ ಗುಟ್ಟು ಹೊರಬಿದ್ದು, ಮದುಮಗಳ ತಾಯಿ ಧಾರೆಯ ಹೊತ್ತಿಗೆ ಬೆಂಚುಗಳನ್ನೆಲ್ಲ ಬೀದಿಗೆ ಎಸೆಸಿದಳು. ಅವತ್ತಿನಿಂದ ಜಯರಾಮಪ್ಪನವರು ತಮ್ಮ ಸಾಮಾನನ್ನು ಎರಡು ಪಾಲು ಮಾಡಿದರು. ಒಂದು ಗೋದಾಮಿನಲ್ಲಿ ಮಂಗಳಕಾರ್ಯದ ಸಾಮಾನು, ಕೆಂಪು ಹಳದಿ ಶಾಮಿಯಾನ. ಇನ್ನೊಂದರಲ್ಲಿ ಸಾವಿನ ಮನೆಯ ಸಾಮಾನು, ಬಿಳಿ ಶಾಮಿಯಾನ. ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಬಂದು ಎರಡೂ ಪಾಲು ನೋಡಲು ಒಂದೇ ಆದಾಗ, ಸಾವಿನ ಮನೆಯ ಪ್ರತಿ ಕುರ್ಚಿಯ ತಳಕ್ಕೂ ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಕರಿ ಬಣ್ಣದ ಬೊಟ್ಟು ಇಟ್ಟರು.

ಇದು ಸುತ್ತಮುತ್ತಲ ಹಳ್ಳಿಗಳಲ್ಲಿ ಒಂದು ಪದ್ಧತಿಯಾಗಿ ಬೆಳೆಯಿತು. ಮದುವೆ ಮನೆಯ ಮುಂದೆ ಜಯರಾಮಪ್ಪನವರ ಲಾರಿ ನಿಂತರೆ ಮನೆಯ ಹಿರಿಯ ಮುತ್ತೈದೆಯೊಬ್ಬಳು ಹೊರಗೆ ಬರುತ್ತಾಳೆ. ಲಾರಿಯಿಂದ ಒಂದು ಕುರ್ಚಿ ಇಳಿಸಿ ಅವಳ ಮುಂದಿಡಬೇಕು. ಅವಳು ಅದನ್ನು ಮಗುಚಿ ತಳ ನೋಡುತ್ತಾಳೆ. ಬೊಟ್ಟಿಲ್ಲದಿದ್ದರೆ, "ಇಳಿಸ್ರಪ್ಪಾ" ಎನ್ನುತ್ತಾಳೆ. ಅಲ್ಲಿಯವರೆಗೆ ಒಂದು ಸೌಟನ್ನೂ ಇಳಿಸುವಂತಿಲ್ಲ. ಪ್ಲಾಸ್ಟಿಕ್ಕಿಗೆ ಸಾವು ಅಂಟುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಗಿರಾಕಿ ಏನನ್ನು ನಂಬುತ್ತಾನೋ ಅದಕ್ಕೆ ಮೋಸ ಮಾಡಬಾರದು ಎಂದು ಜಯರಾಮಪ್ಪನವರು ನಂಬಿದ್ದರು. ಆ ವ್ಯಾಪಾರ ನಿಂತದ್ದು ಅದರ ಮೇಲೆ.

ಅವರು ತೀರಿಕೊಂಡ ಮೇಲೆ ಅಂಗಡಿ ನಡೆಸಿದ್ದು ಮಗನಲ್ಲ, ಮಗಳು ಆದಿಲಕ್ಷ್ಮಮ್ಮ. ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಆಕೆ. ಯಾವ ಕೊಳಗ ಯಾರ ಮನೆಯಲ್ಲಿದೆ, ಯಾವ ಹಗ್ಗ ಸವೆದಿದೆ ಎಂಬುದನ್ನು ಪುಸ್ತಕ ನೋಡದೆ ಹೇಳುತ್ತಾಳೆ. ಆಕೆಯ ಕೈಕೆಳಗೆ ಗೋದಾಮು ನೋಡಿಕೊಳ್ಳುವವಳು ಕೋರಮಂಡಲ್‌ನ ಸೆಲ್ವಿ, ಮನೆಮಾತು ತಮಿಳು. ಅವಳ ಅಪ್ಪ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ಒಬ್ಬ. ಇಬ್ಬರು ಹೆಂಗಸರು ಅಂಗಡಿ ನಡೆಸುತ್ತಿದ್ದರೆ ಕಾಂತರಾಜ್ ಬಿಳಿ ಅಂಗಿ ತೊಟ್ಟು ಓಡಾಡುತ್ತಿದ್ದ.

ಜೀವನದಲ್ಲಿ ಅವನಿಗೆ ಹೊಳೆದದ್ದು ಒಂದೇ ಉಪಾಯ. ಸಾವಿನ ಮನೆಗೆ ಶಾಮಿಯಾನ, ಕುರ್ಚಿ, ಹೆಣ ಇಡುವ ಐಸ್ ಪೆಟ್ಟಿಗೆ, ಎಲ್ಲವೂ ಉಚಿತ ಎಂದು ಸಾರಿದ. ಬಿಳಿ ಶಾಮಿಯಾನದ ಅಂಚಿನುದ್ದಕ್ಕೂ 'ದುಃಖದಲ್ಲಿ ನಿಮ್ಮೊಂದಿಗೆ ಕಾಂತರಾಜಣ್ಣ' ಎಂದು ನೀಲಿ ಅಕ್ಷರದಲ್ಲಿ ಬರೆಸಿದ. ಯಾವ ಆಸ್ಪತ್ರೆಯಲ್ಲಿ ಯಾರ ಉಸಿರು ನಿಲ್ಲುವುದರಲ್ಲಿದೆ ಎಂದು ತಿಳಿಸಲು ಜನರನ್ನು ಇಟ್ಟಿದ್ದ. ಕೆಲವು ಮನೆಗಳಿಗೆ ನೆಂಟರಿಗಿಂತ ಮೊದಲು ಅವನ ಲಾರಿ ಬಂತು. ಮಾರಿಕುಪ್ಪಂ ಕಡೆ ಒಂದು ಮನೆಗೆ, ಮುದುಕ ಇನ್ನೂ ಗಂಜಿ ಕುಡಿಯುತ್ತಿರುವಾಗಲೇ ಬಂದು, ಆಳುಗಳು ಗೂಟ ಹೊಡೆಯಲು ಶುರು ಮಾಡಿದರು. ಮುದುಕ ಕಿಟಕಿಯಿಂದ ನೋಡಿ, "ಯಾರ್ ಮನೇಲಪ್ಪಾ ಓಗಿರೋದು?" ಎಂದು ಕೇಳಿದನಂತೆ. ಕಾಂತರಾಜ್ ಇದನ್ನು ತನ್ನ ಚುರುಕುತನಕ್ಕೆ ಉದಾಹರಣೆಯಾಗಿ ಹೇಳಿಕೊಳ್ಳುತ್ತಿದ್ದ.

ಹೆಣದ ಕಾಲ ಬಳಿ ಕೈಮುಗಿದು ನಿಲ್ಲುವುದನ್ನು ಅವನು ಚೆನ್ನಾಗಿ ಕಲಿತ. ನಾಲ್ಕು ನಿಮಿಷ, ತಲೆ ಬಗ್ಗಿಸಿ, ಒಂದು ಸಲ ಕಣ್ಣೊರೆಸಿಕೊಂಡು, ಫೋಟೋ ಆದ ಮೇಲೆ ಹೊರಡುವುದು. ಹೀಗೆ ಸತ್ತವರ ಬೆನ್ನ ಮೇಲೆ ಹತ್ತಿ ಅವನು ತಾಲ್ಲೂಕು ಪಂಚಾಯ್ತಿಗೆ ಹೋದ, ಆಮೇಲೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದ. ಈ ಕ್ಷೇತ್ರಕ್ಕೆ ನನಗೂ ನಿಮಗೂ ಮತವಿಲ್ಲ. ಗ್ರಾಮ ಪಂಚಾಯ್ತಿ, ಪುರಸಭೆಗಳ ಸದಸ್ಯರೇ ಮತ ಹಾಕುವವರು. ಕೆಲವೇ ಸಾವಿರ ಜನ. ಅವರ ಮನೆಗಳಲ್ಲೂ ಸಾವುಗಳಾಗುತ್ತವೆ. ಕಾಂತರಾಜನ ಲೆಕ್ಕಾಚಾರ ಇಷ್ಟೇ, ಮತ್ತು ಅದು ಸರಿಯಾಗಿತ್ತು.

ಸದಸ್ಯನಾಗಿ ಅವನು ಮಾಡಿದ್ದನ್ನು ಬರೆಯಲು ಹೆಚ್ಚು ಜಾಗ ಬೇಡ. ಹದಿನಾಲ್ಕು ಬಸ್ ತಂಗುದಾಣ ಕಟ್ಟಿಸಿದ. ಹದಿನಾಲ್ಕರ ಮೇಲೂ ಅವನ ಮುಖವಿದೆ, ಐದರ ಮುಂದೆ ಬಸ್ಸು ನಿಲ್ಲುವುದಿಲ್ಲ. ಗಣಿ ಮುಚ್ಚಿದ ಮೇಲೂ ಕಂಪನಿಯ ಹಳೇ ಮನೆಗಳಲ್ಲೇ ಉಳಿದ ಕುಟುಂಬಗಳವರು, ನಾವಿರುವ ಮನೆಗಳ ಹಕ್ಕುಪತ್ರ ಕೊಡಿಸಿ ಎಂದು ಒಮ್ಮೆ ಅರ್ಜಿ ಹಿಡಿದು ಅವನ ಕಚೇರಿಗೆ ಬಂದರು. ಸೆಲ್ವಿಯ ಅಮ್ಮನೂ ಆ ಗುಂಪಿನಲ್ಲಿದ್ದಳು. ಅವನು ಅರ್ಜಿ ತೆಗೆದುಕೊಂಡು ಪುಳಿಯೋಗರೆ ಕೊಡಿಸಿದ. ಒಂದು ವರ್ಷದ ನಂತರ ಏನಾಯಿತು ಸಾರ್ ಎಂದು ಸೆಲ್ವಿ ಕೇಳಿದಾಗ ನಿಜವಾಗಿ ಬೇಸರಪಟ್ಟುಕೊಂಡ.

"ಏನಮ್ಮಾ ಇಂಗಂತೀಯಾ? ಅವತ್ತು ಬಂದೋರ್‌ಗೆಲ್ಲಾ ಕುರ್ಚಿ ಆಕ್ಸಿರ್ಲಿಲ್ವಾ? ಬೇರೆ ಎಮ್ಮೆಲ್ಲೆಗಳ ಮನೇತಾವ ಬಿಸ್ಲಲ್ಲಿ ನಿಲ್ಲುಸ್ತಾರೆ, ಓಗಿ ನೋಡು."

ಜನಸೇವೆ ಎಂದರೆ ಕೂರಲು ಜಾಗ ಕೊಡುವುದು ಎಂದೇ ಅವನು ಪ್ರಾಮಾಣಿಕವಾಗಿ ತಿಳಿದಿದ್ದ.

ಆಮೇಲೆ ಕೊರೊನಾ ಬಂತು. ಮದುವೆಗಳು ನಿಂತವು, ಸಾವು ನಿಲ್ಲಲಿಲ್ಲ. ಮಂಗಳದ ಗೋದಾಮಿನ ಬಾಗಿಲು ತಿಂಗಳುಗಟ್ಟಲೆ ತೆರೆಯಲಿಲ್ಲ. ಕೆಂಪು ಹಳದಿ ಬಟ್ಟೆಗಳ ಮಡಿಕೆಯಲ್ಲಿ ಇಲಿಗಳು ಸಂಸಾರ ಹೂಡಿದವು. ಪಕ್ಷದ ಸಮಾವೇಶಗಳಿಗೆಂದು ಕಾಂತರಾಜ್ ಕಳಿಸಿದ್ದ ಮಂಗಳದ ಕುರ್ಚಿಗಳು ವಾಪಸು ಬರಲೇ ಇಲ್ಲ, ಅವನು ಕೇಳಲೂ ಇಲ್ಲ. ಅತ್ತ ಸಾವಿನ ಪಾಲಿಗೆ ಹೊಸ ಕುರ್ಚಿಗಳನ್ನು ಕೊಳ್ಳುತ್ತಲೇ ಹೋದ. ಎಲ್ಲಾ ಮುಗಿದು ಮದುವೆಗಳು ಮತ್ತೆ ಶುರುವಾಗುವ ಹೊತ್ತಿಗೆ ಬೊಟ್ಟಿಲ್ಲದ ಕುರ್ಚಿ ನಾನೂರು ಉಳಿದಿದ್ದವು, ಬೊಟ್ಟಿನ ಕುರ್ಚಿ ಒಂದೂವರೆ ಸಾವಿರವಾಗಿದ್ದವು. ಮದುವೆಯವರು ಬಂಗಾರಪೇಟೆಯ ಅಂಬರೀಶನ ಕಡೆ ಹೋಗತೊಡಗಿದರು. ಈ ಅಂಬರೀಶ್ ಹತ್ತು ವರ್ಷ ಜಯರಾಮಪ್ಪನವರ ಕೈಕೆಳಗೆ ಗೂಟ ಹೊಡೆದು ಕೆಲಸ ಕಲಿತು, ರೈಲ್ವೆ ಸ್ಟೇಷನ್ ಹತ್ತಿರ ಸ್ವಂತ ಅಂಗಡಿ ತೆರೆದವನು.

ಅದೇ ವರ್ಷದ ಕೊನೆಗೆ ಕಾಂತರಾಜನ ಆರು ವರ್ಷ ಮುಗಿಯುವುದಿತ್ತು. ಟಿಕೆಟ್ ನಿನಗೇ ಎಂದು ಪಕ್ಷದವರು ಹೇಳಿದ್ದರು. ಆದರೆ ಗೆಲ್ಲಬೇಕಿತ್ತು. ಗೆಲ್ಲದಿದ್ದರೆ ಕಾರಿನ ಮುಂದಿನ ಹಲಗೆ ಹೋಗುತ್ತದೆ, ಟೋಲ್‌ಗೇಟಿನಲ್ಲಿ ಸಲಾಮು ಹೋಗುತ್ತದೆ, ಬೆಂಗಳೂರಿನ ಶಾಸಕರ ಭವನದ ಕೋಣೆ ಹೋಗುತ್ತದೆ, ಮತ್ತೆ ಅಕ್ಕನ ಮುಂದೆ ನಿಂತು ಯಾವ ಲಾರಿ ಯಾವ ಊರಿಗೆ ಎಂದು ಕೇಳಬೇಕಾಗುತ್ತದೆ. ಐವತ್ತೆರಡನೇ ವಯಸ್ಸಿನಲ್ಲಿ ಆ ಭಯ ಅವನನ್ನು ಹಿಡಿದಿತ್ತು. ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಬರುತ್ತಿದ್ದ ಒಂದು ಕೆಲಸದ ಬಗ್ಗೆ ನಾಚಿಕೆಯಿತ್ತು.

ಹೊಸದಾಗಿ ಗೆದ್ದು ಬಂದ ಗ್ರಾಮ ಪಂಚಾಯ್ತಿ ಸದಸ್ಯರಿಗೆ ಸನ್ಮಾನ ಮಾಡುತ್ತೇನೆ ಎಂದು, ಚುನಾವಣೆ ಘೋಷಣೆಯಾಗುವ ಮೊದಲೇ, ಒಂದು ಸಮಾರಂಭ ಇಟ್ಟುಕೊಂಡ. ಕಾರ್ತಿಕ ಮಾಸದ ಒಂದು ಶುಕ್ರವಾರ, ಬಂಗಾರಪೇಟೆಯ ಹೊರಗಿನ ಒಂದು ಖಾಲಿ ಲೇಔಟಿನಲ್ಲಿ. ಆರುನೂರು ಸದಸ್ಯರು, ದಂಪತಿ ಸಮೇತ ಬರಬೇಕು. ಗಂಡಸರಿಗೆ ಶಾಲು, ಹೆಂಗಸರಿಗೆ ಅರಿಶಿನ ಕುಂಕುಮ, ಸೀರೆ, ಬಾಗಿನ. ಬಾಗಿನ ಬೇಡವೆಂದವರಿಗೆ ಪಕ್ಕದ ಟೆಂಟಿನಲ್ಲಿ ಮಟನ್ ಬಿರಿಯಾನಿ, ಬೇಕೆಂದವರಿಗೂ ಅದೇ. ಶುಕ್ರವಾರ ಮಾಂಸ ತಿನ್ನದವರಿಗೆ ಬೇರೆ ಅಡುಗೆ.

ಎರಡು ದಿನ ಮುಂಚೆ ಗೋದಾಮಿನಲ್ಲಿ ನಡೆದ ಮಾತನ್ನು ಆದಿಲಕ್ಷ್ಮಮ್ಮನೇ ನನಗೆ ಹೇಳಿದ್ದು.

"ಲೇ ಕಾಂತಾ, ಮಂಗಳದ್ ಕುರ್ಚಿ ನಾನೂರೇ ಇರೋದು. ಇನ್ನೆಂಟ್ನೂರಕ್ಕೆ ಏನ್ ಮಾಡ್ತೀಯಾ?"

"ಆ ಕಡೆ ಗೋದಾಮಿಂದ ತಗಸಕ್ಕಾ."

"ತಲೆ ನೆಟ್ಟಗೈತೇನ್ಲಾ? ಬಾಗಿನ ಕೊಡೋಕೆ ಮುತ್ತೈದೇರ್ನ ಕರ್ದು ಬೊಟ್ಟಿನ್ ಕುರ್ಚಿ ಮೇಲೆ ಕೂರುಸ್ತೀಯಾ?"

"ಯಾರು ನೋಡ್ತಾರಕ್ಕಾ? ಬೆಂಗಳೂರಿಂದ ಬಿಳೀ ಕವರ್ ತರ್ಸಿವ್ನಿ. ಮೇಲೆ ಕವರ್, ಇಂದೆ ಕೆಂಪು ರಿಬ್ಬನ್. ಐಟೆಕ್ಕಾಗಿ ಕಾಣ್ತದೆ."

"ಕವರ್ ಮ್ಯಾಲ್ ಆಕ್ತಾರೆ. ಬೊಟ್ಟು ಕೆಳಗ್ ಐತೆ."

"ಅದನ್ನೇ ನಾನೂ ಏಳ್ತಿರೋದು. ಕೆಳಗ್ ಯಾರ್ ಬಗ್ ನೋಡ್ತಾರೆ? ಇದು ಮದ್ವೆ ಮನೆ ಅಲ್ಲ, ಪಾಲಿಟಿಕ್ಸು."

ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದ ಸೆಲ್ವಿ ತಲೆ ಎತ್ತಿದಳು. "ಅಂಬರೀಶಣ್ಣನ ಹತ್ರ ಸಾವಿರ ಕುರ್ಚಿ ಇದೆ ಸಾರ್. ಕುಶನ್ನು. ಒಂದು ಫೋನ್ ಪೋಟ್ಟಾ ಸಾಕು."

ಕಾಂತರಾಜನ ಮುಖ ಕಪ್ಪಿಟ್ಟಿತು. "ನಮ್ಮಪ್ಪನ ತಾವ ಗೂಟ ಒಡೀತಿದ್ದೋನ್ ಕುರ್ಚಿ, ನನ್ ಫಂಕ್ಷನ್‌ಗಾ? ಅವ್ನ ಬೋರ್ಡ್ ಕಟ್ಕಂಡಿರೋ ಲಾರಿ ನನ್ ಸ್ಟೇಜ್ ಮುಂದೆ ಬಂದ್ ನಿಂತ್ರೆ, ಈ ಎಮ್ಮೆಲ್ಸಿಗೆ ಸ್ವಂತ ಕುರ್ಚಿನೂ ಇಲ್ಲ ಅಂತ ಪೇಪರ್ನೋರು ಬರೀತಾರೆ."

"ಗೂಟ ಒಡ್ದೋನೆ ನಮ್ಮಪ್ಪ ಏಳ್ಕೊಟ್ಟಿದ್ದು ಇನ್ನೂ ಮಡಿಕ್ಕಂಡವ್ನೆ" ಎಂದಳು ಆದಿಲಕ್ಷ್ಮಮ್ಮ. "ನೀನ್ ಮಡಿಕ್ಕಂಡಿರೋದು ಆ ಅಂಗಿ ಒಂದು."

ಆದರೂ ಆಕೆ ಕುರ್ಚಿಗಳನ್ನು ಲಾರಿಗೆ ಏರಿಸಿದಳು. ಇಪ್ಪತ್ತು ವರ್ಷ ಅಂಗಡಿ ನಡೆಸಿದ ಹೆಂಗಸು, ಕೊನೆಗೆ ತಮ್ಮನ ಮಾತಿಗೆ ತಲೆಬಾಗಿದಳು. ಆಕೆಯನ್ನೂ ನಾನು ಬಿಡುವುದಿಲ್ಲ. ಅಂಗಡಿಯ ಪರವಾನಗಿ ತಮ್ಮನ ಹೆಸರಿನಲ್ಲಿತ್ತು ಎಂಬುದು ಆಕೆಯ ಸಮಜಾಯಿಷಿ.

ಶುಕ್ರವಾರ ಬೆಳಿಗ್ಗೆ ಮೋಡ ಕವಿದಿತ್ತು. ಆ ವರ್ಷದ ಕಾರ್ತಿಕದ ಮಳೆಯನ್ನು ಕೋಲಾರದ ಕಡೆಯವರು ಮರೆತಿಲ್ಲ. ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದಿದ್ದವು. ಸಾವಿನ ಮನೆಯ ಬಿಳಿ ಶಾಮಿಯಾನಗಳಿಗೆ ಒಳಗೆ ಟಾರ್ಪಾಲಿನ ಪದರವಿತ್ತು. ಆದರೆ ಅವುಗಳ ಅಂಚಿನಲ್ಲಿ 'ದುಃಖದಲ್ಲಿ ನಿಮ್ಮೊಂದಿಗೆ' ಎಂದು ಬರೆದಿದ್ದರಿಂದ ಅವನ್ನು ತರುವಂತಿರಲಿಲ್ಲ. ಹಾಗಾಗಿ ಇಲಿ ಕಡಿದ ಕೆಂಪು ಹಳದಿ ಬಟ್ಟೆಯನ್ನೇ ಕಟ್ಟಿದರು.

ಹನ್ನೊಂದು ಗಂಟೆಗೆ ಕುರ್ಚಿಗಳು ತುಂಬಿದವು. ಮೀಸಲಾತಿಯಿಂದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಆದರೂ ವೇದಿಕೆಯ ಮೇಲಿನಿಂದ ಕರೆದದ್ದು ಅವರ ಗಂಡಂದಿರ ಹೆಸರನ್ನು, ಎದ್ದು ಬಂದು ಹಾರ ಹಾಕಿಸಿಕೊಂಡದ್ದೂ ಗಂಡಂದಿರೇ. ಹೆಂಗಸರಿಗೆ ಕೂತಲ್ಲಿಗೇ ಬಾಗಿನ ಬಂತು. ಮೂರನೇ ಸಾಲಿನಲ್ಲಿ ಚಿಕ್ಕವೆಂಕಟಮ್ಮ ಎಂಬ ಸದಸ್ಯೆ ಕೂತಿದ್ದಳು. ಅರವತ್ತರ ಹತ್ತಿರದ ವಯಸ್ಸು, ದೊಡ್ಡ ದನಿ, ಊರಿನ ಮದುವೆಗಳಲ್ಲಿ ಕುರ್ಚಿ ಮಗುಚಿ ನೋಡಲು ಎಲ್ಲರೂ ಕರೆಯುತ್ತಿದ್ದದ್ದು ಅವಳನ್ನೇ. ಪಕ್ಕದಲ್ಲಿ ಅವಳ ಗಂಡ. ಹೃದಯದ ತೊಂದರೆಗೆ ಚಿಕಿತ್ಸೆ ಮಾಡಿಸಿಕೊಂಡು ಎರಡು ತಿಂಗಳಾಗಿರಲಿಲ್ಲ.

ಕಾಂತರಾಜ್ ಮೈಕಿನ ಮುಂದೆ ನಿಂತು, ಗ್ರಾಮಗಳ ಅಭಿವೃದ್ಧಿಗೆ ಅನೇಕ ಕಾರಣಗಳಿವೆ, ಅವೆಲ್ಲವೂ ಬಹಳ ಮುಖ್ಯ ಎಂಬ ಅರ್ಥದ್ದೇನನ್ನೋ ಹೇಳುತ್ತಿರುವಾಗ ಮಳೆ ಬಂತು. ಮೊದಲು ಹನಿ, ಎರಡು ನಿಮಿಷಕ್ಕೆ ಧೋ ಎಂದು ಸುರಿಯಿತು. ಇಲಿ ಕಡಿದ ತೂತುಗಳಿಂದ ನೀರು ಧಾರೆಯಾಗಿ ಇಳಿಯಿತು. ಸುತ್ತ ಖಾಲಿ ಸೈಟುಗಳು, ಓಡಿ ನಿಲ್ಲಲು ಒಂದು ಮರವೂ ಇಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಸಭೆಗಳಲ್ಲಿ ಜನ ಮಾಡುವುದನ್ನೇ ಅಲ್ಲಿಯೂ ಮಾಡಿದರು. ಎಲ್ಲರೂ ಎದ್ದು, ತಮ್ಮ ತಮ್ಮ ಕುರ್ಚಿ ಎತ್ತಿ ತಲೆಯ ಮೇಲೆ ಹಿಡಿದುಕೊಂಡರು. ಸಾವಿರದ ಇನ್ನೂರು ಕುರ್ಚಿಗಳು ತಲೆಗಳ ಮೇಲೆ ಛತ್ರಿಯಂತೆ ನಿಂತವು. ಕಾಲುಗಳು ನಾಲ್ಕು ಕಡೆ ಇಳಿಬಿದ್ದು, ತಳ ಸರಿಯಾಗಿ ಕಣ್ಣಿನ ಮೇಲೆ ಬಂತು.

ಚಿಕ್ಕವೆಂಕಟಮ್ಮ ತಲೆ ಎತ್ತಿ ನೋಡಿದಳು. ಅಭ್ಯಾಸದ ಕಣ್ಣು.

"ಅಯ್ಯೋ ಇವ್ನ ಮನೆ ಕಾಯೋಗ! ಬೊಟ್ಟು! ಮ್ಯಾಲ್ ನೋಡ್ರೇ ಎಲ್ಲಾ, ಬೊಟ್ಟು!"

"ಏನಮ್ಮೀ ನಿಂದು?" ಎಂದ ಗಂಡ. "ಮಳೇಲಿ ಏನ್ ಬೊಟ್ಟು ಉಡುಕ್ತೀಯಾ, ಕುರ್ಚಿ ಸರ್ಯಾಗಿಡ್ಕೋ, ನೀರೆಲ್ಲಾ ನನ್ಮೇಲೆ ಬೀಳ್ತೈತೆ."

"ಕೆಳಗಾಕು! ಮೊದ್ಲು ಅದನ್ನ ಕೆಳಗಾಕು! ಸಾವಿನ್ ಮನೆ ಕುರ್ಚಿ ಕಣಯ್ಯಾ! ಎದೇಗೆ ಸ್ಟಂಟ್ ಆಕುಸ್ಕಂಡ್ ಬಂದು ಎಲ್ಡ್ ತಿಂಗ್ಳಾಗಿಲ್ಲ, ನಿನ್ನ ಕರ್ದು ಇದ್ರಲ್ಲಿ ಕೂರ್ಸವ್ನಲ್ಲಾ!"

ಸಾಲುಸಾಲಾಗಿ ತಲೆಗಳು ಮೇಲಕ್ಕೆ ಎದ್ದವು. ಕುರ್ಚಿಗಳು ಒಂದೊಂದಾಗಿ, ಆಮೇಲೆ ಗುಂಪು ಗುಂಪಾಗಿ ಕೆಸರಿಗೆ ಬಿದ್ದವು. ಮಳೆಯಲ್ಲಿ ನೆನೆಯುತ್ತ ಹೆಂಗಸರು ಕಂಕುಳಲ್ಲಿದ್ದ ಬಾಗಿನದ ಮೊರಗಳನ್ನು ಬಿದ್ದ ಕುರ್ಚಿಗಳ ಪಕ್ಕದಲ್ಲೇ ಇಟ್ಟರು. ಅರಿಶಿನ ಕರಗಿ ಕೆಂಪು ಮಣ್ಣಿನಲ್ಲಿ ಹರಿಯಿತು. ಬೊಟ್ಟಿಲ್ಲದ ನಾನೂರು ಕುರ್ಚಿಗಳು ಸಿಕ್ಕವರೂ ಅವನ್ನು ಬಿಸಾಡಿದರು.

ಕಾಂತರಾಜ್ ಮೈಕ್ ಬಿಡಲಿಲ್ಲ. "ಅಮ್ಮಂದ್ರೇ, ಅಕ್ಕಂದ್ರೇ, ತಪ್ಪ್ ತಿಳ್ಕೋಬೇಡಿ! ಅದು ಕುರ್ಚಿ ಕಂಪ್ನಿಯೋರು ಆಕಿರೋ ಗುರ್ತು!"

"ಯಾವ್ ಕಂಪ್ನಿನಪ್ಪಾ?" ಎಂದು ಚಿಕ್ಕವೆಂಕಟಮ್ಮ ಮೈಕಿಲ್ಲದೆಯೇ ಕೂಗಿದಳು. "ಆ ಕಂಪ್ನಿ ಎಸ್ರು ಜಯರಾಮಪ್ಪ ಅಂತ ಅಲ್ವಾ? ನಿನ್ನ ಎತ್ತೋನೆ ಅಲ್ವಾ ಅವ್ನು?"

ಜನ ನಕ್ಕರು. ಅಷ್ಟು ಹೊತ್ತಿಗೆ ಅವನ ಮೈಕಿಗೂ ನೀರು ಹೊಕ್ಕಿತು.

ಒಂದು ಮಾತು ಇಲ್ಲಿ ಸೇರಿಸಬೇಕು. ಇಷ್ಟೆಲ್ಲಾ ಅಸಹ್ಯಪಟ್ಟ ಆ ಜನ ಊಟ ಬಿಟ್ಟು ಹೋಗಲಿಲ್ಲ. ಅಡುಗೆಯ ಟೆಂಟಿಗೆ ತಗಡಿನ ಮಾಡು ಇತ್ತು. ಅಲ್ಲಿ ನುಗ್ಗಿ, ನಿಂತುಕೊಂಡೇ, ಕೊಳಗದ ತಳ ಕಾಣುವವರೆಗೆ ಬಿರಿಯಾನಿ ತಿಂದರು. ಆ ಕೊಳಗಗಳು ಯಾವ ಗೋದಾಮಿನವು ಎಂದು ಒಬ್ಬರೂ ಕೇಳಲಿಲ್ಲ. ಅವೂ ಸಾವಿನ ಪಾಲಿನವೇ.

ಮುಂದಿನ ಮೂರು ವಾರ ಎದುರು ಪಕ್ಷದವರಿಗೆ ಭಾಷಣ ಮಾಡುವ ಶ್ರಮವೇ ಇರಲಿಲ್ಲ. ಪಂಚಾಯ್ತಿ ಕಚೇರಿಗೆ ಹೋಗುವುದು, ಅಲ್ಲಿರುವ ಕುರ್ಚಿಯೊಂದನ್ನು ಎತ್ತುವುದು, ಮಗುಚಿ ತಳ ನೋಡುವುದು, ಮಾತಾಡದೆ ಕೆಳಗಿಡುವುದು. ಕೂತವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಎಣಿಕೆಯ ದಿನ ಕಾಂತರಾಜ್ ಮೂವತ್ತೆಂಟು ಮತಗಳಿಂದ ಸೋತ. ಟಿವಿಯವರು ಕಾರಣ ಕೇಳಿದಾಗ, "ಮಳೆ" ಎಂದ.

ಸೋಲಿಸಿದವರ ಬಗ್ಗೆ ನನಗೆ ಗೌರವವೇನಿಲ್ಲ. ಆರು ವರ್ಷ ಅವರಲ್ಲಿ ಒಬ್ಬನೂ ಅವನನ್ನು ಹಕ್ಕುಪತ್ರದ ಅರ್ಜಿ ಎಲ್ಲಿ ಎಂದು ಕೇಳಲಿಲ್ಲ. ಕುಡಿಯುವ ನೀರಿನ ಬಗ್ಗೆ ಸದನದಲ್ಲಿ ಬಾಯಿ ಏಕೆ ತೆರೆಯಲಿಲ್ಲ ಎಂದು ಕೇಳಲಿಲ್ಲ. ಬಸ್ಸಿಲ್ಲದ ದಾರಿಗೆ ತಂಗುದಾಣ ಏಕೆ ಎಂದು ಕೇಳಲಿಲ್ಲ. ಅದೆಲ್ಲ ಅವರಿಗೆ ಹಿಡಿಸಿತ್ತು. ಹಿಡಿಸದೆ ಹೋದದ್ದು ಹೆಬ್ಬೆಟ್ಟಿನಷ್ಟು ಕರಿ ಬಣ್ಣ. ಅರ್ಹನಲ್ಲದವನು ಸೋತ, ಆದರೆ ತಪ್ಪು ಕಾರಣಕ್ಕೆ ಸೋತ.

ಪಾಠ ಕಲಿಯುವುದು ಕಾಂತರಾಜನ ಜಾಯಮಾನವಲ್ಲ. ಸೋತ ವಾರದಲ್ಲೇ ನಾಲ್ಕು ಕ್ಯಾನ್ ಥಿನ್ನರ್ ತಂದು ಗೋದಾಮಿನ ಬಾಗಿಲಲ್ಲಿಟ್ಟ. ಎಲ್ಲಾ ಬೊಟ್ಟುಗಳನ್ನೂ ಉಜ್ಜಿ ತೆಗೆಯಬೇಕು, ಇನ್ನು ಮುಂದೆ ನಮ್ಮಲ್ಲಿ ಎರಡು ಪಾಲಿಲ್ಲ, ಎಲ್ಲಾ ಕುರ್ಚಿ ಒಂದೇ ಎಂದ.

"ಬೊಟ್ಟು ಅಳಿಸ್ಬಿಟ್ರೆ ಸಾವು ಪೋಯಿಡುಮಾ ಸಾರ್?" ಎಂದಳು ಸೆಲ್ವಿ.

"ನಿಂಗ್ಯಾಕಮ್ಮಾ ಅದು? ಉಜ್ಜು ಅಂದ್ರೆ ಉಜ್ಜು."

ಸೆಲ್ವಿ ಸೊಂಟಕ್ಕೆ ಸಿಗಿಸಿದ್ದ ಗೋದಾಮಿನ ಬೀಗದ ಕೈ ತೆಗೆದು ಆದಿಲಕ್ಷ್ಮಮ್ಮನ ಕೈಗಿಟ್ಟು, "ಬರ್ತೀನಿ ಅಕ್ಕಾ" ಎಂದು ಹೊರಟಳು. ಮರುದಿನದಿಂದ ಅಂಬರೀಶನ ಅಂಗಡಿಯಲ್ಲಿದ್ದಾಳೆ. ಕೂಲಿಯವರನ್ನು ಹಿಡಿದು ಕಾಂತರಾಜನೇ ನಿಂತು ಒಂದೂವರೆ ಸಾವಿರ ಕುರ್ಚಿ ಉಜ್ಜಿಸಿದ. ಮಾಜಿ ಸದಸ್ಯನಾದ ಮೇಲೆ ಅವನು ಮುಂದೆ ನಿಂತು ಪೂರ್ತಿ ಮಾಡಿಸಿದ ಏಕೈಕ ಕಾಮಗಾರಿ ಅದು.

ವರ್ಷದ ನಂತರ, ವೈಶಾಖದಲ್ಲಿ, ಬಂಗಾರಪೇಟೆ ಆಚೆಯ ಒಂದು ಹಳ್ಳಿಯ ಮದುವೆ ಸಿಕ್ಕಿತು. ಹುಡುಗಿಯ ತಂದೆ ಅವನ ಹಳೇ ಪರಿಚಯ, ದಾಕ್ಷಿಣ್ಯಕ್ಕೆ ಒಪ್ಪಿದ್ದ. ಕಾಂತರಾಜ್ ತಾನೇ ಲಾರಿಯ ಮುಂದೆ ಕೂತು ಹೋದ. ಮದುಮಗಳ ಅಜ್ಜಿ ಹೊರಗೆ ಬಂದಳು. ಒಂದು ಕುರ್ಚಿ ಇಳಿಸಿದರು. ಅಜ್ಜಿ ಮಗುಚಿದಳು.

ಬೊಟ್ಟಿರಲಿಲ್ಲ. ಬೊಟ್ಟಿದ್ದ ಜಾಗದಲ್ಲಿ, ಹಳೆಯದಾಗಿ ಹಳದಿಗಟ್ಟಿದ ತಳದ ನಡುವೆ, ಒಂದು ದುಂಡನೆಯ ಬೆಳ್ಳಗಿನ ಕಲೆ ಇತ್ತು. ಥಿನ್ನರ್ ಬಣ್ಣದ ಜೊತೆಗೆ ವರ್ಷಗಳ ಕೊಳೆಯನ್ನೂ ತೆಗೆದಿತ್ತು. ಕರಿ ಬೊಟ್ಟನ್ನಾದರೂ ಹತ್ತಿರದಿಂದ ನೋಡಬೇಕಿತ್ತು; ಇದು ಮಾರು ದೂರದಿಂದ ಕಾಣುತ್ತಿತ್ತು.

ಅಜ್ಜಿ ಬೆರಳಿನಿಂದ ಅದನ್ನು ಒಮ್ಮೆ ಸವರಿದಳು. "ಏನಪ್ಪಾ ಇದು? ಗಂಡ ಸತ್ತೋಳ ಹಣೆ ಒರುಸ್ದಂಗೆ ಒರ್ಸಿಬಿಟ್ಟಿದ್ದೀಯಾ?"

"ಅಜ್ಜೀ, ಅದು ಎಲ್ಲಾ ಕುರ್ಚೀಗೂ ಅಂಗೇ..."

"ಎಲ್ಲಾದ್ಕೂನಾ?" ಅಜ್ಜಿ ಲಾರಿಯ ಕಡೆ ನೋಡಿದಳು. "ಅಂಗಾರೆ ಎಲ್ಲಾದ್ನೂ ತಗಂಡೋಗಪ್ಪಾ."

ಮನೆಯವರು ಅಲ್ಲೇ ನಿಂತು ಅಂಬರೀಶನಿಗೆ ಫೋನ್ ಮಾಡಿದರು. ಮುಕ್ಕಾಲು ಗಂಟೆಗೆ ಅವನ ಲಾರಿ ಬಂತು. ಅದರಿಂದಲೂ ಒಂದು ಕುರ್ಚಿ ಇಳಿಸಿ ಅಜ್ಜಿಯ ಮುಂದಿಟ್ಟರು. ಅಂಬರೀಶ್ ತನ್ನ ಅಂಗಡಿಯಲ್ಲಿ ಜಯರಾಮಪ್ಪನವರ ಎರಡು ಪಾಲನ್ನೂ ಬೊಟ್ಟನ್ನೂ ಹಾಗೆಯೇ ಉಳಿಸಿಕೊಂಡಿದ್ದಾನೆ. ಅಜ್ಜಿ ಮಗುಚಿ ನೋಡಿ, "ಇಳಿಸ್ರಪ್ಪಾ" ಎಂದಳು. ರಸ್ತೆ ಕಿರಿದು. ಆ ಲಾರಿ ಖಾಲಿಯಾಗುವವರೆಗೆ ಕಾಂತರಾಜನ ಲಾರಿ ಹೊರಡುವಂತಿರಲಿಲ್ಲ. ಅವನು ಮುಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡಿದ.

ಅಂಗಡಿಗೆ ಬಂದಾಗ ಆದಿಲಕ್ಷ್ಮಮ್ಮ ತುಂಬಿದ ಲಾರಿ ನೋಡಿದಳು.

"ಯಾಕ್ಲಾ ವಾಪಸ್ ಬಂತು?"

"ಮಳೆ ಬರೋ ಅಂಗಿತ್ತು" ಎಂದ.

ವೈಶಾಖದ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿತ್ತು. ಆಕೆ ಒಳಗೆ ಹೋಗಿ ಕರಿ ಬಣ್ಣದ ಡಬ್ಬಿ, ಕುಂಚ ತಂದು, ಕುರ್ಚಿಗಳನ್ನು ಇಳಿಸಿದ ಹಾಗೆಲ್ಲ ಮಗುಚಿ ಬೊಟ್ಟಿಡಲು ಕೂತಳು. ಲಾರಿಯಲ್ಲಿದ್ದವು ಮುಗಿದ ಮೇಲೆ ಗೋದಾಮಿನವನ್ನು ಹಿಡಿದಳು. ಉಳಿದಿದ್ದ ನಾನೂರು ಮಂಗಳದ ಕುರ್ಚಿಗಳನ್ನೂ ಬಿಡಲಿಲ್ಲ. ಮದುವೆಗೆ ಯಾರೂ ಕೇಳುವುದಿಲ್ಲ ಎಂದ ಮೇಲೆ ಎರಡು ಪಾಲು ಏಕೆ? ಮೂರು ದಿನ ಹಿಡಿಯಿತು. ಈಗ ಆ ಅಂಗಡಿಯಲ್ಲಿ ಸಾವಿನ ಮನೆಗೆ ಮಾತ್ರ ಸಾಮಾನು ಸಿಗುತ್ತದೆ. ಉಚಿತವಲ್ಲ; ಆಕೆ ಬಾಡಿಗೆ ತೆಗೆದುಕೊಳ್ಳುತ್ತಾಳೆ.

ಮೂರನೇ ದಿನ ಕಾಂತರಾಜ್ ತನ್ನ ಫೋಟೋದ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಆದಿಲಕ್ಷ್ಮಮ್ಮ ಡಬ್ಬಿ ಹಿಡಿದು ಅವನ ಮುಂದೆ ಬಂದು ನಿಂತಳು.

"ಎದ್ದೇಳ್ಲಾ. ಅದೊಂದು ಬಾಕಿ ಐತೆ."

ಅವನು ಎದ್ದ.